ಹುಲಿಗೆವ್ವನ ಲೋಟ

ಇಳಕಲ್ ಸೀಮೆ,
೨೨೧೪ನೇ ಇಸವಿ, ಫೆಬ್ರುವರಿ ೩೦

ನರ್ಸ್ ಸುವಾರ್ತಾಬಾಯಿ ಹಾದಿಮನಿ ಅವರಿಗೆ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ನಮ್ಮ ಅಜ್ಜಂದಿರ ಕಾಲದಲ್ಲಿ ತೀರ್ಮಾನವಾಯಿತು. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಸುಮ್ಮನೆ ಕೂರುವುದಕ್ಕೆಂದು ಬಿಟ್ಟುಕೊಂಡಿದ್ದೇವೆ. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ದಿನಚರಿಯಿಂದಲೇ. ನಿಮಗೆ ಮೂವತ್ತನಾಲ್ಕು ವರ್ಷ, ನನಗೆ ಎಪ್ಪತ್ತೊಂದು. ಆದರೂ ನೀವು ನನಗಿಂತ ಎರಡು ಶತಮಾನ ಹಿರಿಯರು. ಆದ್ದರಿಂದ ಬಯ್ಯಬೇಕಾದಲ್ಲಿಯೂ ಬಹುವಚನದಲ್ಲೇ ಬಯ್ಯುತ್ತೇನೆ.

ಬಯ್ಯುವುದು ಇದೆ. ದಿನಚರಿಯ ಕೊನೆಯ ಪುಟದಲ್ಲಿ ನೀವು ಬರೆದದ್ದು ಇದು: “ಪ್ರಾಸಿ ಇವತ್ತು ತನ್ನ ದೇಶಕ್ಕ ಹೋದಳು. ಒಪ್ಪಂದ ಮುಗೀತು. ನಾಳೆಯಿಂದ ಹುಲಿಗೆವ್ವನ ಮನಿಗೆ ನಾ ಹೋಗಂಗಿಲ್ಲ. ನನಗ ಆ ಯೋಗ್ಯತಾ ಇಲ್ಲ.” ಅಲ್ಲಿಂದ ಮುಂದಿನ ಹಾಳೆಗಳನ್ನೆಲ್ಲ ಗೆದ್ದಲು ತಿಂದಿದೆ. ಮರುದಿನ ನೀವು ಹೋದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರಲಾರದ್ದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ಒಂದು ಸುದ್ದಿ ಹೇಳಿಬಿಡುತ್ತೇನೆ, ಕೂತುಕೊಂಡು ಓದಿ. ಎಚ್‌ಐವಿ ಈಗ ಇಲ್ಲ. ನಮ್ಮ ಮಕ್ಕಳು ಅದರ ಹೆಸರನ್ನು ಪಾಠದಲ್ಲಿ ಓದುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಸಾವು ಮಾತ್ರ ಎಲ್ಲಿಗೂ ಹೋಗಿಲ್ಲ, ನೋವೂ ಹೋಗಿಲ್ಲ. ಅದಕ್ಕಾಗಿ ಪ್ರತಿ ಓಣಿಗೂ ಒಂದು ಒರಗುಮನೆ ಇದೆ. ವಾಸಿಯಾಗದ ಕಾಯಿಲೆಯವರು ಒರಗಿಕೊಳ್ಳುವ ಮನೆ ಅದು, ಊರ ಹೊರಗಲ್ಲ, ಮಗ್ಗಗಳ ನಟ್ಟನಡುವೆ. ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುವ ಹೆಂಗಸರು ಕಿಟಕಿಯಿಂದಲೇ ಒಳಗಿನವರ ಜೊತೆ ಹರಟುತ್ತಾರೆ, ಜಗಳವನ್ನೂ ಆಡುತ್ತಾರೆ. ರೋಗಿಯ ಪಕ್ಕ ಕೂರುವವರನ್ನು ನಾವು ಬದಿಯವರು ಎನ್ನುತ್ತೇವೆ. ನೋವು ಇಳಿಸುವುದು, ಬಾಯಿಹುಣ್ಣು ತೊಳೆಯುವುದು, ಮನೆಯವರ ಸಿಟ್ಟನ್ನು ಕೇಳಿಸಿಕೊಳ್ಳುವುದು ಅವರ ಕೆಲಸ. ನಾನು ನಲವತ್ತು ವರ್ಷ ಬದಿಯವಳಾಗಿದ್ದೆ.

ಪ್ರತಿ ವರ್ಷ ನಮ್ಮ ಕಡೆಯ ನಾಲ್ವರು ಯುಗಾಂಡಾಕ್ಕೆ ಹೋಗಿ ಕಂಪಾಲಾದ ಹಾಸಿಗೆಗಳ ಬದಿಯಲ್ಲಿ ಕೂರುತ್ತಾರೆ, ಅಲ್ಲಿಯ ನಾಲ್ವರು ಇಲ್ಲಿಗೆ ಬರುತ್ತಾರೆ. ಅವರು ಜೋಳದ ರೊಟ್ಟಿ ಬಡಿಯಲು ಕಲಿತಿದ್ದಾರೆ. ದುಂಡಗೆ ಬರುವುದಿಲ್ಲ, ಆದರೂ ಬಿಡುವುದಿಲ್ಲ. ಅವರ ಮಟೋಕೆಯನ್ನು, ಅಂದರೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಬಾಳೆಕಾಯಿಯ ಮುದ್ದೆಯನ್ನು, ನಾವು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತೇವೆ. ಬಡಿಸಿದವರಿಗೆ ‘ವೆಬಾಲೆ’ ಎನ್ನದೆ ನಮ್ಮಲ್ಲಿ ಯಾರೂ ಎಲೆಯಿಂದ ಏಳುವುದಿಲ್ಲ. ಅದು ಅವರ ಭಾಷೆಯ ಧನ್ಯವಾದ ಎಂಬುದು ನಮ್ಮ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ದೂರಗೈ ಎಂಬುದೊಂದು ಇದೆ, ತೆಳ್ಳನೆಯ ಕೈಗವಸು. ಅಲ್ಲಿ ಒಬ್ಬರು, ಇಲ್ಲಿ ಒಬ್ಬರು ಹಾಕಿಕೊಂಡರೆ ಒಬ್ಬರ ಕೈಯ ಬಿಸಿ ಇನ್ನೊಬ್ಬರಿಗೆ ತಟ್ಟುತ್ತದೆ. ವಾಪಸು ಹೋದ ಬದಿಯವರು ಅದರಲ್ಲಿ ತಮ್ಮ ಹಳೆಯ ರೋಗಿಗಳ ಕೈ ಹಿಡಿದುಕೊಳ್ಳುತ್ತಾರೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬದಿಯವರು ಹೊಸ ರೋಗಿಯ ಹತ್ತಿರ ಬಂದಾಗ ಮೊದಲು ಆ ರೋಗಿಯ ಲೋಟದಲ್ಲೇ ಚಹಾ ಕುಡಿಯಬೇಕು, ನಾಡಿ ಹಿಡಿಯುವುದು ಆಮೇಲೆ. ಅಂಟುರೋಗವಿದ್ದರೆ ಮಾತ್ರ ರಿಯಾಯಿತಿ. ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ಕೇಳಿದರೆ, “ಹಿರೇರು ಮಾಡ್ಕೋತ ಬಂದಾರ, ನಾವೂ ಮಾಡೂದು” ಎಂದು ನನ್ನ ಬಾಯಿ ಮುಚ್ಚಿಸಿದ್ದರು. ನಲವತ್ತು ವರ್ಷ ಕಾರಣ ತಿಳಿಯದೆ ಕುಡಿದೆ. ಹೋದ ವರ್ಷ ಹಳೆಯ ಆಸ್ಪತ್ರೆಯ ಗೋಡೆ ಕೆಡವಿದಾಗ ತಗಡಿನ ಟ್ರಂಕು ಸಿಕ್ಕಿತು, ಅದರಲ್ಲಿ ನಿಮ್ಮ ದಿನಚರಿ ಇತ್ತು. ನೀವು ಹುಲಿಗೆವ್ವನ ಮನೆಗೆ ಮೊದಲ ಸಲ ಹೋದ ದಿನದ ಪುಟ ಓದಿದ ಮೇಲೆ ನನಗೆ ಆ ಕಾರಣ ತಿಳಿಯಿತು.

ನಿಮ್ಮದೇ ಬರಹವನ್ನು ನಿಮಗೇ ಓದಿ ಹೇಳುತ್ತಿದ್ದೇನೆ, ಇರಲಿ. ಹುಲಿಗೆವ್ವನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಓಣಿಯವರಿಗೆ ತಿಳಿದೀತೆಂಬ ನಾಚಿಕೆಗೆ ಆಕೆ ಎಚ್‌ಐವಿಯ ಗುಳಿಗೆ ನಿಲ್ಲಿಸಿದ್ದಳು. ಅಂಗಾಲು ಉರಿ, ಬಾಯಿತುಂಬ ಹುಣ್ಣು, ಹನ್ನೊಂದು ದಿನದಿಂದ ನಿದ್ದೆಯಿಲ್ಲ. ಅತ್ತೆ ಯಂಕವ್ವ ಮನೆಯ ಲೋಟಗಳನ್ನೆಲ್ಲ ಒಟ್ಟಿಗೆ ಬುಟ್ಟಿಯಲ್ಲಿ ಬೋರಲು ಹಾಕಿ, ಒಂದನ್ನು ಮಾತ್ರ ಬೂದಿ ಹಚ್ಚಿ ಬೇರೆಯಾಗಿ ತಿಕ್ಕಿ ಗೋಡೆಯ ಗೂಡಿನಲ್ಲಿ ಒಂಟಿಯಾಗಿ ಇಟ್ಟಿದ್ದಳು. ಅದು ಸೊಸೆಯದು. ನೋವು ಇಳಿಸುವುದನ್ನು ಕಲಿಸಲು ಒಪ್ಪಂದದ ಮೇಲೆ ಯುಗಾಂಡಾದಿಂದ ಬಂದು ನಿಮ್ಮ ಜೊತೆಗಿದ್ದ ಪ್ರಾಸಿ ನಲ್ವಂಗಾ ಅದನ್ನು ನೋಡಿದಳು. ಆಕೆಯ ಊರಿನಲ್ಲಿ ಬೇರೆಯಾಗಿ, ಎತ್ತರದಲ್ಲಿ, ಫಳಫಳ ಹೊಳೆಯುವಂತೆ ಇಡುವುದು ಅತಿಥಿಯ ಲೋಟವನ್ನು. ಓಹೋ, ನನಗೇ ಎಂದುಕೊಂಡು, ಸಂಕೋಚ ಬೇಡವೆಂದು ತಾನೇ ಎದ್ದು ಹೋಗಿ ಅದನ್ನು ತೆಗೆದುಕೊಂಡು ಚಹಾಕ್ಕೆ ಹಿಡಿದಳು.

ಯಂಕವ್ವನ ಕೈ ಅಲ್ಲೇ ನಿಂತಿತು. ಹಾಸಿಗೆಯಿಂದ ಹುಲಿಗೆವ್ವ, “ಅಯ್ಯ, ಅದು ನಂದೈತ್ರಿ, ಬ್ಯಾಡ್ರಿ” ಎಂದಳು. ಪ್ರಾಸಿಗೆ ಕನ್ನಡ ತಿಳಿಯದು. ಅನುವಾದಿಸಬೇಕಾದವರು ನೀವು, ನೀವು ಬಾಯಿ ಬಿಡಲಿಲ್ಲ. ಲೋಟಕ್ಕೆ ಚಹಾ ಬಿತ್ತು. ಪ್ರಾಸಿ ಕುಡಿದಳು, ಬಾಯಿ ಚಪ್ಪರಿಸಿದಳು, ಇನ್ನೊಂದಿಷ್ಟು ಹಾಕು ಎಂದು ಮತ್ತೆ ಹಿಡಿದಳು. ಹುಲಿಗೆವ್ವ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ದಾರಿಯಲ್ಲಿ ನೀವು ವಿಷಯ ಹೇಳಿದಾಗ ಪ್ರಾಸಿ, ಗೊತ್ತಿದ್ದರೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ ಎಂದಳಂತೆ. ಆಕೆ ಕಲಿಸಿದ ಅಳತೆಯಲ್ಲಿ ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಔಷಧಿ ಹೊಟ್ಟೆಗೆ ಹೋದ ಮೇಲೆ ಹುಲಿಗೆವ್ವ ಅಂದು ಮಧ್ಯಾಹ್ನವೇ ಮಲಗಿದಳು. ಮುಂದಿನ ವಾರ ನೀವು ಹೋದಾಗ ಯಂಕವ್ವ ಕೇಳದೆಯೇ ಗೂಡಿನ ಲೋಟ ತೆಗೆದು ಪ್ರಾಸಿಗೆ ಚಹಾ ಸುರಿದಿದ್ದಳು.

ಎರಡು ದೇಶದ ದೊಡ್ಡವರು ಕೂತು ಸಹಿ ಹಾಕಿದ ಒಪ್ಪಂದದಲ್ಲಿ ಈ ಲೋಟದ ಮಾತು ಎಲ್ಲಿಯೂ ಇಲ್ಲ. ತರಬೇತಿ ಇದೆ, ಔಷಧಿ ಇದೆ, ವರದಿ ಇದೆ. ಇನ್ನೂರು ವರ್ಷ ಬಾಳಿದ್ದು ಒಬ್ಬ ಪರದೇಶಿ ಹೆಂಗಸು ತಪ್ಪು ತಿಳಿದು ಹಿಡಿದ ಲೋಟ.

ಈಗ ನಿಮ್ಮ ಸಂಕಟಕ್ಕೆ ಬರುತ್ತೇನೆ. ಆಮೇಲಿನ ಹದಿನೆಂಟು ಭೇಟಿಗಳಲ್ಲಿ ಯಂಕವ್ವ ನಿಮಗೂ ಅದೇ ಲೋಟದಲ್ಲಿ ಚಹಾ ಕೊಡಲು ಬಂದಳು. “ಬಾಯಾರ, ನೀವೂ ಒಂದೀಟು ಕುಡೀರಿ” ಅಂದರೆ ಪ್ರತಿ ಸಲವೂ “ಈಗರ ಕುಡುದ ಬಂದೇನಿ” ಅಂದಿರಿ. ಪ್ರತಿಯೊಂದನ್ನೂ ಬರೆದಿಟ್ಟಿದ್ದೀರಿ. ಲೋಟದಿಂದ ಅಂಟುವುದಿಲ್ಲವೆಂದು ಹತ್ತು ಊರಿನಲ್ಲಿ ಭಾಷಣ ಮಾಡಿದವರು ನೀವು, ಆ ಲೋಟದ ಚಹಾ ನಿಮ್ಮ ಗಂಟಲಲ್ಲೇ ಇಳಿಯಲಿಲ್ಲ. “ನಾ ಬಾಯಿಲೆ ಹೇಳಿದೆ, ಆಕಿ ಮಾಡಿ ತೋರಿಸಿದಳು. ಹುಲಿಗೆವ್ವಗ ಎಲ್ಲಾ ತಿಳಿದೈತಿ” ಎಂದು ಬರೆದುಕೊಂಡಿದ್ದೀರಿ. ಹೌದು ತಾಯಿ, ಆಕೆಗೆ ತಿಳಿದಿರುತ್ತದೆ, ರೋಗಿಗಳು ಅಷ್ಟು ದಡ್ಡರಲ್ಲ. ಆದರೆ ಹೆದರಿದವರನ್ನು ಆಕೆ ಜನ್ಮವಿಡೀ ನೋಡಿದ್ದಾಳೆ. ಹೆದರಿದ ಮೇಲೂ ತಿರುಗಿ ಬಂದವರನ್ನು ನೋಡಿಲ್ಲ. ಪ್ರಾಸಿ ಮೊದಲ ಸಲ ಕುಡಿದದ್ದು ಗೊತ್ತಿಲ್ಲದೆ. ನೀವು ಕುಡಿದರೆ ಗೊತ್ತಿದ್ದು ಕುಡಿದಂತೆ, ಅದೂ ಆ ಓಣಿಯ ಭಾಷೆ ಆಡುವವರು, ನಾಳೆಯೂ ಆ ಓಣಿಯಲ್ಲೇ ಇರುವವರು.

ನೀವು ಹೋಗದಿದ್ದರೆ ಏನಾಗುತ್ತದೆಂದು ನಿಮಗೇ ಗೊತ್ತು. ಔಷಧಿಯ ಬಾಟಲಿ ನಿಮ್ಮ ಚೀಲದಲ್ಲಿದೆ. ಮೂರು ದಿನದಲ್ಲಿ ಆಕೆಯ ಅಂಗಾಲಿಗೆ ಉರಿ ಮರಳುತ್ತದೆ. ಅದಕ್ಕಿಂತ ಮೊದಲೇ ಲೋಟ ಮತ್ತೆ ಗೂಡು ಸೇರುತ್ತದೆ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಈ ಕಾಗದವನ್ನು ನಾನು ಒರಗುಮನೆಯ ಹಾಸಿಗೆಯಲ್ಲೇ ಬರೆಯುತ್ತಿದ್ದೇನೆ. ಇಷ್ಟು ದಿನ ಬದಿಯಲ್ಲಿದ್ದವಳಿಗೆ ಈಗ ನಡುವೆ ಮಲಗುವ ಸರದಿ. ಬೆನ್ನುಮೂಳೆಯ ಕಾಯಿಲೆ, ಇನ್ನು ಬಹಳ ದಿನವಿಲ್ಲ. ನನಗೆ ಭಯವಿದೆ. ನಲವತ್ತು ವರ್ಷ ಬೇರೆಯವರಿಗೆ ಧೈರ್ಯ ಹೇಳಿದ್ದು ಈಗ ಕೈಗೆ ಸಿಗುತ್ತಿಲ್ಲ. ನಾಳೆ ಕಂಪಾಲಾದಿಂದ ನನ್ನ ಬದಿಯವಳು ಬರುತ್ತಾಳೆ, ಹೆಸರು ನಬೂಮಾ. ನನ್ನ ಲೋಟ ತೊಳೆದು ಬೇರೆಲ್ಲ ಲೋಟಗಳ ಜೊತೆಗೇ ಇಟ್ಟಿದ್ದೇನೆ. ಅವಳು ಬಂದು, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಬೇಕು. ಆ ಒಂದು ಪ್ರಶ್ನೆಗಾಗಿ ಕಾಯುತ್ತಿದ್ದೇನೆ.

ಕಾಗದ ಹಿಂದಕ್ಕೆ ಹೋಗುವ ದಾರಿ ನಮಗೂ ತಿಳಿದಿಲ್ಲ. ನಿಮ್ಮ ಕೊನೆಯ ಪುಟಕ್ಕೂ ಗೆದ್ದಲು ತಿಂದ ಪುಟಕ್ಕೂ ನಡುವೆ ಇದನ್ನು ಇಡುತ್ತೇನೆ. ಕೆಳಗೆ ನನ್ನ ಹೆಸರಿದೆ. ನಮ್ಮ ಸೀಮೆಯಲ್ಲಿ ಮೂರು ಮನೆಗೊಬ್ಬಳಿಗೆ ಅದೇ ಹೆಸರು. ನಿಮ್ಮ ದಿನಚರಿ ಓದುವವರೆಗೆ ಅದು ಇಲ್ಲಿಯದೇ ಯಾವುದೋ ಗ್ರಾಮದೇವತೆಯದೆಂದು ತಿಳಿದಿದ್ದೆ. ಪ್ರಾಸಿ ನಲ್ವಂಗಾ ಹೋದ ಮೇಲೂ ಯಾರೋ ಆ ಹೆಸರನ್ನು ಈ ಓಣಿಯಲ್ಲಿ ಹೇಳುತ್ತ ತಿರುಗಿರಬೇಕು, ಆ ಲೋಟವನ್ನು ಮತ್ತೆ ಹಿಡಿದಿರಬೇಕು. ಅದು ನೀವೇ ಆಗಿರಬೇಕೆಂದು ನನಗೆ ಆಸೆ.

ನಾಳೆ ಬೆಳಿಗ್ಗೆ ಏನೂ ಕುಡಿಯದೆ ಹೋಗಿ, ಸುವಾರ್ತಾಬಾಯಿ. ಯಂಕವ್ವ ಚಹಾ ಬೇಕೇ ಎಂದು ಕೇಳುತ್ತಾಳೆ.

ಇಂತಿ,
ನಲ್ವಂಗವ್ವ