ಹಳೆಯ ಸೀಲಿನ ಅಳತೆ

ನವೆಂಬರ್ ೧೧, ಮಂಗಳವಾರ, ಕೊತ್ತತ್ತಿ

ರಾತ್ರಿ ಊಟ ಬಿಟ್ಟು ಫೋನ್ ಹಿಡಿದು ಕೂತಿದ್ದೇನೆ.

ಸಂಜೆ ಅಪ್ಪನ ಟಿಲ್ಲರಿನಲ್ಲಿ ಆಯಿಲ್ ಸೋರುತ್ತಿತ್ತು. ಆಯಿಲ್ ತಡೆಯುವ ಹಳೆಯ ರಬ್ಬರ್ ಸೀಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಇಬ್ಬರೂ ಭಾರತೀನಗರದ ಅಂಗಡಿಗೆ ಹೋದೆವು. "ಇಂಥದ್ದೇ ಒಂದು ಕೊಡಪ್ಪ" ಅಂದ ಅಪ್ಪ. ಅಂಗಡಿಯವನು ಅದನ್ನು ತಿರುಗಿಸಿ ನೋಡಿ, "ಈ ಅಳೇ ಸೀಲೇ ತಪ್ಪು ಕಣಣ್ಣ. ಯಾರೋ ಬ್ಯಾರೆ ಸೈಜಿಂದು ಆಕವ್ರೆ" ಅಂದ.

ನಿನ್ನೆ ನಾನು ಕೆಲಸ ಮಾಡುವ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ, ರಜೆಗೆ ಹೊರಡುವ ಅವಸರದಲ್ಲಿ ನಾನೂ ಇದನ್ನೇ ಮಾಡಿದ್ದೆ. ವಿಮಾನದ ಇಂಧನದ ಪೈಪಿನಿಂದ ಬಿಚ್ಚಿದ ಸೀಲನ್ನು ಹೊಸದರ ಪಕ್ಕ ಹಿಡಿದೆ, ಒಂದೇ ಥರ ಕಂಡಿತು, ಹಾಕಿದೆ. ಹಳೆಯದೇ ಸರಿಯಿತ್ತೆಂದು ನನಗೆ ಯಾರು ಹೇಳಿದ್ದರು? ಅಂಗಡಿಯ ಮುಂದೆಯೇ ಫೋನಿನಲ್ಲಿ ಮ್ಯಾನ್ಯುಯಲ್ ತೆಗೆದೆ. ಅದರಲ್ಲಿರುವ ಸೀಲಿನ ನಂಬರೇ ಬೇರೆ, ನಾನು ಹಾಕಿದ್ದರದೇ ಬೇರೆ.

ಆ ವಿಮಾನ ನಾಳೆ ಬೆಳಗಿನ ಜಾವ ಜನರನ್ನು ತುಂಬಿಕೊಂಡು ಹೊರಡುತ್ತದೆ.

ಹ್ಯಾಂಗರಿನ ಇನ್‌ಚಾರ್ಜ್ ಶ್ರೀಕರ ಅವರಿಗೆ ಫೋನ್ ಮಾಡಿದೆ. "ಹಳೇದು ಹಾಕ್ಕೊಂಡೇ ಇಷ್ಟು ದಿನ ಹಾರಿಲ್ವೇನ್ರೀ? ಸುಮ್ನೆ ಮಲಗಿ" ಅಂದರು. ಆಮೇಲೆ ಎತ್ತಲೇ ಇಲ್ಲ. ಕಂಟ್ರೋಲ್ ರೂಮಿನವರು, "ನಿಮ್ಮ ಇನ್‌ಚಾರ್ಜ್ ಕೈಲಿ ಹೇಳಿಸಿ" ಅನ್ನುತ್ತಾರೆ. ಹೇಳಿದ್ದನ್ನೇ ಹೇಳಿ ನಾಲಿಗೆ ಒಣಗಿದೆ. ಯಾರ ಕಾಲು ಹಿಡಿಯಲಿ?

ಜಗಲಿಯಿಂದ ಅಪ್ಪ ಕೂಗಿ ಹೇಳುತ್ತಿದ್ದಾನೆ: "ನೀನು ಜೊತೇಲಿದ್ದಿದ್ದು ಒಳ್ಳೇದಾಯ್ತು ಕಣ್ಲಾ. ನಾನೊಬ್ನೇ ಓಗಿದ್ರೆ ಅದ್ನೇ ತಂದು ಆಕ್ಬುಡ್ತಿದ್ದೆ." ತಪ್ಪು ಹಿಡಿದದ್ದು ಅಂಗಡಿಯವನು, ನಾನಲ್ಲ.

ಪಕ್ಕದ ಮನೆಯ ಸ್ವಾಮಿಯನ್ನು ಎಬ್ಬಿಸಿ ಬೈಕು ಕೇಳಬೇಕು. ಈಗಲೇ ಹೊರಟರೆ, ಅವರು ವಿಮಾನದ ಬಾಗಿಲು ಹಾಕುವ ಮುಂಚೆ ಏರ್‌ಪೋರ್ಟ್ ತಲುಪಿ ತಡೆಯಬಹುದು.