ಮಗನ ಪಗಾರ

ರೀ,

ನಿಮ್ಮ ಮೊಬೈಲಿಗೆ ಎಷ್ಟು ಸಲ ಹಚ್ಚಿದರೂ ಹತ್ತಲಿಲ್ಲ, ಅದಕ್ಕೇ ಈ ಚೀಟಿ. ನೀವು ಊರಿಂದ ಬರುವ ಮೊದಲೇ ನಾನು ಕರ್ಜಗಿ ಶಾಲೆಗೆ ಪಾಠಕ್ಕೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಆದರೆ ಒಬ್ಬರೇ ಊಟಕ್ಕೆ ಕೂಡಬೇಡಿ. ಮಾವನವರ ಮೇಲೆ ಸಿಟ್ಟಾಗುವ ಮೊದಲು ಇದನ್ನು ಪೂರ್ತಿ ಓದಿ.

ನಿನ್ನೆ ವೀಸಾ ಆಫೀಸಿನವರು ನಮ್ಮ ವೆಲ್ಡಿಂಗ್ ಅಂಗಡಿಗೆ ಫೋನು ಮಾಡಿದ್ದರು, ಮಾವನವರೇ ಎತ್ತಿಕೊಂಡರು. ಆಸ್ಟ್ರೇಲಿಯಾದ ಕಂಪನಿ ವೆಲ್ಡರ್ ಕೆಲಸಕ್ಕೆ ನಿಮ್ಮ ಹೆಸರನ್ನೇ ಕೊಟ್ಟರೂ ಸಾಲದಂತೆ. ನೀವು ಇಲ್ಲಿ ಪಗಾರಕ್ಕೆ ದುಡಿದದ್ದು ಅಲ್ಲಿಯ ಸರ್ಕಾರಕ್ಕೆ ಖಾತ್ರಿಯಾಗಬೇಕಂತೆ. ಮಾವನವರು, "ಮಗಗ ಯಾರರ ಪಗಾರ ಕೊಡ್ತಾರೇನ್ರಿ? ಅಂಗಡೀನ ಅವಂದೈತಿ" ಎಂದುಬಿಟ್ಟರು. ಮನೆಗೆ ಬಂದು ನನಗೂ ಅದನ್ನು ಖುಷಿಯಿಂದಲೇ ಹೇಳಿದರು. ಹಾಗೆಂದರೆ ನಿಮಗೆ ವೀಸಾ ಸಿಗುವುದಿಲ್ಲ ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ರಾತ್ರಿ ಅವರು ಉಣ್ಣಲೇ ಇಲ್ಲ.

ಬೆಳಿಗ್ಗೆ ಚಹಾ ಕೊಟ್ಟಾಗ ತಾವಾಗಿಯೇ ಅಂದರು: "ಇವತ್ತ ಮತ್ತ ಫೋನ್ ಮಾಡ್ತಾರಂತ. ಅವ ನಮ್ಮ ಪಗಾರದ ಆಳು ಅಂತ ಹೇಳ್ತೇನಿ. ಹೇಳೂವಾಗ ಅವ ನನ್ನ ಎದುರಿಗೆ ಇರಬಾರದವ್ವ."

ಅವರು ಮಧ್ಯಾಹ್ನ ಮನೆಗೆ ಬರುವ ತನಕ ಅಂಗಡಿ ಕಡೆ ಹೋಗಬೇಡಿ. ಬಂದಾಗ, ಫೋನಿನಲ್ಲಿ ಏನು ಹೇಳಿದಿರಿ ಎಂದು ಕೇಳಬೇಡಿ. ಪಲ್ಯ ಬಿಸಿ ಮಾಡಿ, ಎರಡು ತಾಟು ಹಚ್ಚಿ, ಅವರ ಮಗ್ಗುಲಲ್ಲೇ ಕುಳಿತು ಉಣ್ಣಿ.