ಆರುನೂರು ರೂಪಾಯಿಯ ಆಣೆ

ಕೊಣ್ಣೂರ,
ತಾ. ೧೪ ಫೆಬ್ರುವರಿ ೧೯೨೧

ಪ್ರೀತಿಯ ಅಣ್ಣನಿಗೆ ಸೋಮಪ್ಪನ ಶರಣು.

ನೌಕರಿಗೆಂದು ಸಮುದ್ರ ದಾಟಿ ಹೋದ ನಿನಗೆ ಬಸರಾದ ಚಳಿಗೆ ಬಂದಿದ್ದ ಕೆಮ್ಮು ಈಗ ಹೇಗಿದೆ? ಅವ್ವನ ಭುಜದ ನೋವು ಇಳಿದಿದೆ. ನಿನ್ನ ಮಗಳು ಗೌರವ್ವ ಧಾರವಾಡದಿಂದ ನಾನು ತಂದ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು ಏರಿ ಕೂಡುತ್ತಾಳೆ. ಬಿ.ಎ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತೆಂದು ಶಿವವ್ವ ವೈನಿ ನಗುತ್ತಾರೆ.

ಅಪ್ಪ ಪತ್ರ ಬರೆಯುವುದನ್ನು ಏಕೆ ಬಿಟ್ಟರೆಂದು ಕೇಳಿದ್ದೀಯ. ಸಾಲದ ಸಂಗತಿ ನಿನಗೆ ಹೇಗೆ ಬರೆಯುವುದೆಂದು ತಿಳಿಯದೆ ಬಿಟ್ಟರು. ಹತ್ತಿಗೆ ಬಂಗಾರದ ದರ ಬಂದ ವರ್ಷ ಇಲ್ಲಿ ಎಕರೆಗೆ ನೂರಿದ್ದ ಹೊಲ ಆರುನೂರಕ್ಕೇರಿತಲ್ಲ, ಆಗ ಕೊಂಡವರಾರೂ ಉಳುವುದಕ್ಕೆ ಕೊಳ್ಳಲಿಲ್ಲ. ಆರು ತಿಂಗಳಿಗೆ ಮಾರುವುದಕ್ಕೆ ಕೊಂಡರು. ನಿನ್ನ ಹೆಸರಿನಲ್ಲಿ ಐದು ಎಕರೆ ಹಿಡಿಯಲು, ನೀನು ಕಳಿಸಿದ ಹಣಕ್ಕೆ ಕಡಿಮೆಬಿದ್ದ ಸಾವಿರದ ಇನ್ನೂರು ರೂಪಾಯಿಗೆ ಅಪ್ಪ ಹಳೆಯ ಹೊಲವನ್ನೂ ಮನೆಯನ್ನೂ ಮೂಡಲಗಿಯ ಸಾವುಕಾರ ಶೆಟ್ಟೆಪ್ಪನಲ್ಲಿ ಒತ್ತೆ ಇಟ್ಟರು. ವೈನಿಯ ತಂದೆ, ನಿನ್ನ ಮಾವ ಮಾಲಿಂಗಪ್ಪನವರು ಏರಿದ ದರದ ಮೇಲೆಯೇ ಅವನಲ್ಲಿ ಮತ್ತೊಮ್ಮೆ ಸಾಲ ಎತ್ತಿ ಮಾಳಿಗೆ ಕಟ್ಟಿಸಿದರು. "ಹೊಲಾ ದಿನಾ ಏರಾಕತ್ತೈತಿ, ನೀವ್ಯಾಕ ಅಂಜತೀರಿ?" ಎಂದು ಶೆಟ್ಟೆಪ್ಪ ನಮ್ಮ ಪಡಸಾಲೆಯಲ್ಲೇ ಕೂತು ಎಲೆ ಮಡಿಚಿದ. ಕರಾರುಪತ್ರವನ್ನು ಗಟ್ಟಿಯಾಗಿ ಓದಿದವನು ನಾನು. ಇಳಿದರೆ ಏನು ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಅಷ್ಟು ಜನ ಹಿರಿಯರ ಮುಂದೆ ಕೇಳಲು ನಾಚಿದೆ.

ಹತ್ತಿ ಈಗ ಮೂರರಲ್ಲೊಂದು ಪಾಲಿಗೆ ಇಳಿದಿದೆ. ಶೆಟ್ಟೆಪ್ಪನೂ ಬೆಳಗಾವಿಯಿಂದ ಸಾಲ ತಂದೇ ನಮಗೆ ಕೊಟ್ಟಿದ್ದನಂತೆ. ಅಲ್ಲಿಯವರು ಈಗ ವಸೂಲಿಗೆ ಅವನ ಬೆನ್ನು ಹತ್ತಿದ್ದಾರೆ. ಇಲ್ಲಿ ಒಬ್ಬರು ಅಗ್ಗಕ್ಕೆ ಮಾರಿದರೂ ಎಲ್ಲರ ಹೊಲದ ಬೆಲೆ ಅಷ್ಟೇ ಎಂದಾಗಿ, ಒತ್ತೆ ಸಾಲಕ್ಕಿಂತ ಕಡಿಮೆಯಾಯಿತೆಂದು ಅವನು ಮನೆ ಮನೆಗೆ ಜಪ್ತಿ ತರುತ್ತಾನೆ. ಅದಕ್ಕೆ ಇಪ್ಪತ್ತೆರಡು ಮನೆಯ ಹಿರಿಯರು ಮಠದಲ್ಲಿ ವಿಭೂತಿ ಮುಟ್ಟಿ, ಆರುನೂರಕ್ಕೆ ಕಡಿಮೆ ಮಾರುವುದಿಲ್ಲವೆಂದು ಆಣೆ ಮಾಡಿದರು. ಆರುನೂರಕ್ಕೆ ಕೊಳ್ಳುವವರು ಇಲ್ಲ. ಮೊನ್ನೆ ಹುಕ್ಕೇರಿಯ ವ್ಯಾಪಾರಿಯೊಬ್ಬರ ಜೊತೆ ನಾನು ಚಹಾ ಕುಡಿದೆ. ಸಂಜೆಯೊಳಗೆ ಆಣೆ ಮಾಡಿದವರಲ್ಲಿ ಮೂವರು ಬಂದು ಅವರಾರೆಂದು ಅಪ್ಪನನ್ನು ಕೇಳಿದರು. "ಹೊಲಾ ಕಾಯೋದು ಬಿಟ್ಟು ಈಗ ಒಬ್ಬರನ್ನೊಬ್ಬರು ಕಾಯಾಕತ್ತೇವಿ" ಎಂದಳು ಅವ್ವ.

ಅಪ್ಪ, ಅವ್ವ ಆಶೀರ್ವಾದ ಹೇಳಿದ್ದಾರೆ. ನೀರು ಕಾಸಿಕೊಂಡೇ ಕುಡಿ.

ನಿನ್ನ ತಮ್ಮ,
ಸೋಮಪ್ಪ

ತಾ.ಕ.: ಆ ವ್ಯಾಪಾರಿ ಎಕರೆಗೆ ಮೂರುನೂರು ಕೊಡುತ್ತಾರೆ. ಸಾಲ ತೀರಿ ನಮ್ಮ ಮನೆ, ಹಳೆಯ ಹೊಲ ಉಳಿಯುತ್ತವೆ. ಅಪ್ಪ ಆಣೆ ಮುರಿಯಲಾರರು, ಅವರಿಗೆ ಹೇಳಿಲ್ಲ. ಹೊಲ ನಿನ್ನ ಹೆಸರಿನದು, ನೀನು ಆಣೆ ಮಾಡಿದವನಲ್ಲ. ನಿನ್ನ ಪರವಾಗಿ ನಾನು ಮಾರಲು ಮುಖತ್ಯಾರ ಪತ್ರ ಬರೆಸಿ ಒಳಗಿಟ್ಟಿದ್ದೇನೆ. ನೀನು ಸಹಿ ಮಾಡಿದರೆ ಮೊದಲು ಜಪ್ತಿಗೆ ಹೋಗುವುದು ನಿನ್ನ ಮಾವನವರ ಮಾಳಿಗೆ. ಈಗಷ್ಟೇ ವೈನಿ ಅಂಟು ಕಲಸಿ ತಂದು, ಲಕೋಟೆ ಎತ್ತಿ ನೋಡಿ, "ಇಷ್ಟ್ಯಾಕ ದಪ್ಪ ಆಗೇತಿ?" ಎಂದರು. ಪತ್ರ ಉದ್ದವಾಯಿತೆಂದೆ.